ಎರಡನೇ ಕೈ

ಸೋಮವಾರ ಬೆಳಗ್ಗೆ ಒಂಬತ್ತೂಕಾಲಿಗೆ ಕೆಳಗಿನ ಸ್ವಾಗತದ ಮೇಜಿನಿಂದ ಫೋನು ಬಂತು. ಯಾರೋ ಒಬ್ಬ ಹೆಂಗಸು ಬಂದು ಕೂತಿದ್ದಾರೆ. ತಮ್ಮನನ್ನು ಕಳ್ಳ ಮಾಡಿದವರು ಯಾರೆಂದು ನೋಡದೆ ಏಳುವುದಿಲ್ಲವಂತೆ. ಕಾವಲುಗಾರ ಎಬ್ಬಿಸಲು ಹೋದರೆ ಅವನಿಗೇ ಪಕ್ಕದ ಕುರ್ಚಿ ತೋರಿಸಿ ಕೂರು ಅಂದರಂತೆ.

ಆನ್‌ಲೈನ್ ಆಟ ನಡೆಸುವ ಕಂಪನಿಯ ಕಚೇರಿಗೆ ಆಟಗಾರರು ಕಾಲಿಡುವುದು ಅಪರೂಪ. ಬೈಯುವವರು ತಮ್ಮ ಮನೆಯಲ್ಲೇ ಕೂತು ಬೈಯುತ್ತಾರೆ. ಅದಕ್ಕೆ ಯಂತ್ರ ಉತ್ತರ ಕಳಿಸುತ್ತದೆ. ಎರಡೂ ಕಡೆಯವರಿಗೆ ಸಮಾಧಾನ. ಹಾಗಾಗಿ ಇದೇನು ಹೊಸದು ಎಂದು ಮನವಿ ವಿಭಾಗದ ಪರಿಶೀಲಕಿ ತಾನೇ ಇಳಿದು ಬಂದಳು. ಹನ್ನೊಂದು ವರ್ಷದ ಸರ್ವಿಸು ಅವಳದು. ಕಚೇರಿಯಲ್ಲಿ ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಎಂಥ ಸಣ್ಣ ತೂತಿದ್ದರೂ ಹೊಕ್ಕು ಹೊರಬರುತ್ತಾಳೆ ಎಂಬ ಮೆಚ್ಚುಗೆಯ ಹೆಸರು. ಅವಳಿಗೂ ಅದರ ಮೇಲೆ ಒಳಗೊಳಗೇ ಪ್ರೀತಿ ಇತ್ತು.

ಬಂದವಳಿಗೆ ಐವತ್ತು ದಾಟಿತ್ತು. ತೊಡೆಯ ಮೇಲೆ ಕೈಚೀಲ, ಅದರ ಮೇಲೆ ಎರಡೂ ಕೈ. ಪೀಠಿಕೆ ಹಾಕುವ ಪೈಕಿ ಅಲ್ಲ.

"ನನ್ನ ತಮ್ಮನಿಗೆ ಹುಟ್ಟಿದಾಗಿಂದ ಕಣ್ಣಿಲ್ಲ. ನೀವು ಅವನು ಗೋಡೆ ಆಚೆ ಕದ್ದು ನೋಡಿದ ಅಂತ ಬರೆದು ಹಾಕಿದ್ದೀರಿ. ಗೋಡೆ ಈಚೆದೇ ಕಾಣದವನು ಆಚೆದು ಹೇಗೆ ನೋಡಿದ? ಅದೊಂದು ಹೇಳಿಬಿಡಿ, ನಾನು ಮನೆಗೆ ಹೋಗ್ತೀನಿ."

ಸೂಜಿಗೆ ನಗು ಬರುವಂತಿತ್ತು, ಬರಲಿಲ್ಲ. ಕೂರಿಸಿ ಎಲ್ಲ ಕೇಳಿದಳು.

ಕಂಪನಿಯ ಹೆಸರುವಾಸಿ ಆಟ ಕೋಟೆ. ಹತ್ತು ಜನರ ಎರಡು ತಂಡ, ನೂರಾರು ಕೊಠಡಿಗಳ ಒಂದು ಕೋಟೆಗಾಗಿ ಹೊಡೆದಾಡುವ ಆಟ. ಇದಕ್ಕೆ ಆಟಗಾರರೇ ಬರೆದು ಅಂಟಿಸುವ ಜೋಡಣೆಗಳುಂಟು. ಅವಕ್ಕೆ ಮಾಡ್ ಎನ್ನುತ್ತಾರೆ. ಈ ಅಕ್ಕನ ತಮ್ಮ ಪಿಯಾನೊ, ಹಾರ್ಮೋನಿಯಂ ಶ್ರುತಿ ಮಾಡುವ ಕಸುಬಿನವನು. ಆಟದಲ್ಲೂ ಅವನ ಹೆಸರು ಶ್ರುತಿಗಾರ. ಅವನು ಬರೆದ ಮಾಡ್ ಕಿವಿಗಣ್ಣು. ಬಾಗಿಲು ಎಲ್ಲಿದೆ, ಮೆಟ್ಟಿಲು ಎಷ್ಟು, ಹೆಜ್ಜೆ ಯಾವ ಕಡೆಯಿಂದ ಬರುತ್ತಿದೆ, ಎಲ್ಲವನ್ನೂ ಅದು ಸದ್ದಿನಲ್ಲಿ ಹೇಳುತ್ತದೆ. ಕಣ್ಣಿಲ್ಲದವರು ಕಣ್ಣಿದ್ದವರ ಜೊತೆ ಸರಿಸಮ ಆಡುತ್ತಿದ್ದರು. ಮಾಡ್‌ನಲ್ಲಿ "ಎಡಕ್ಕೆ ಬಾಗಿಲು, ನೋಡ್ಕೊಂಡು" ಎಂದು ಹೇಳುವ ದನಿ ಈ ಅಕ್ಕನದೇ.

ಮೂರೂವರೆ ವಾರದ ಹಿಂದೆ ಕಂಪನಿ ಕಿವಿಗಣ್ಣನ್ನು ವಂಚನೆಯ ಸಾಧನ ಎಂದು ನಿಷೇಧಿಸಿತ್ತು. ಅದನ್ನು ಬಳಸುತ್ತಿದ್ದ ಮೂರು ಸಾವಿರದ ನೂರ ಹನ್ನೆರಡು ಖಾತೆಗಳಿಗೂ ಬೀಗ ಬಿತ್ತು. ಶ್ರುತಿಗಾರನ ಹೆಸರು ವಂಚಕರ ಪಟ್ಟಿಯ ಮೇಲ್ತುದಿಗೆ ಹೋಯಿತು. ಒಂದೇ ಖಾತೆಯಲ್ಲಿ ಎಲ್ಲವೂ ಇರಬೇಕೆಂಬುದು ಕಂಪನಿಯ ನಿಯಮ. ಆಟ, ಗೆಳೆಯರು, ಪತ್ರಗಳು, ಮಾಡ್‌ನ ಮೂಲ, ಯಾವುದನ್ನೂ ಹೊರಗೆ ಇಡುವಂತಿಲ್ಲ. ನಿಷೇಧವಾಗಿ ನಾಲ್ಕು ವಾರಕ್ಕೆ ಸರಿಯಾಗಿ ಎಲ್ಲ ಅಳಿಸಿಹೋಗುತ್ತದೆ. ಅಂದರೆ ಬರುವ ಗುರುವಾರ ಸಂಜೆ ಐದಕ್ಕೆ.

"ಏಳು ಮನವಿ ಕಳಿಸಿದ," ಎಂದಳು ಅಕ್ಕ. "ಏಳಕ್ಕೂ ಒಂದೇ ಉತ್ತರ. ನಿಮ್ಮ ಪ್ರಕರಣವನ್ನು ನಮ್ಮ ತಜ್ಞರು ಕೂಲಂಕಷವಾಗಿ ಪರಿಶೀಲಿಸಿದ್ದಾರೆ. ಆ ತಜ್ಞರನ್ನೇ ನೋಡೋಕೆ ಬಂದೆ."

ಆ ವಾಕ್ಯ ಬರೆದವಳು ಸೂಜಿಯೇ. ಆರು ವರ್ಷದ ಹಿಂದೆ. ಕೂಲಂಕಷ ಎಂಬ ಪದಕ್ಕೆ ಮೇಲಿನವರು ಶಹಬ್ಬಾಸ್ ಅಂದಿದ್ದರು.

ಕಡತ ತೆಗೆದು ನೋಡುತ್ತೇನೆಂದು ಹೇಳಿ ಮೇಲೆ ಬಂದಳು. ನಿಷೇಧಕ್ಕೆ ಎರಡು ಕೈ ಬೇಕು. ಮೊದಲನೇ ಕೈ ಯಂತ್ರದ್ದು, ಅನುಮಾನ ಬಂದದ್ದನ್ನು ಅದು ಎತ್ತಿಡುತ್ತದೆ. ಎರಡನೇ ಕೈ ಮನುಷ್ಯರದ್ದು, ಮಾದರಿಯನ್ನು, ಅಂದರೆ ಆ ಮಾಡ್‌ನ ಪ್ರತಿಯನ್ನು, ತೆರೆದು ನೋಡಿ ಒಪ್ಪಬೇಕು. ಕಿವಿಗಣ್ಣಿನ ಕಡತದಲ್ಲಿ ಎರಡನೇ ಕೈಯ ಮುಂದೆ ಹೆಸರಿತ್ತು. ಗುರುವಾರ, ಸಂಜೆ ನಾಲ್ಕು ಐವತ್ತೆರಡು. ಹೆಸರು ಅವಳದೇ.

*

ಅವಳಿಗೆ ಅದನ್ನು ಒತ್ತಿದ ನೆನಪೇ ಇರಲಿಲ್ಲ.

ಮನುಷ್ಯರ ಮನಸ್ಸು ವಿಚಿತ್ರ. ತನ್ನ ಹೆಸರು ಕಂಡ ಕೂಡಲೇ ಅವಳು ಹುಡುಕಿದ್ದು ಸತ್ಯವನ್ನಲ್ಲ, ಬೇರೊಬ್ಬರನ್ನು. ತಾನು ಎದ್ದುಹೋದಾಗ ಯಾರೋ ತನ್ನ ಕುರ್ಚಿಯಲ್ಲಿ ಕೂತು ಒತ್ತಿರಬೇಕು ಅಂದುಕೊಂಡಳು. ಬಾಗಿಲ ದಾಖಲೆ ತರಿಸಿದಳು. ಆ ದಿನ ಎರಡೂ ಐದಕ್ಕೆ ಒಳಗೆ ಬಂದವಳು ಐದೂ ಹತ್ತರವರೆಗೆ ಹೊರಗೆ ಕಾಲಿಟ್ಟಿರಲಿಲ್ಲ. ಎದುರಿನ ಮೇಜಿನವರು ರಜೆಯಲ್ಲಿದ್ದರು. ಕೋಣೆಯಲ್ಲಿ ಇನ್ಯಾರೂ ಇರಲಿಲ್ಲ.

ಆಮೇಲೆ ತನ್ನ ಯಂತ್ರದ ದಾಖಲೆ ನೋಡಿದಳು. ನಲವತ್ತು ಪ್ರಕರಣ, ನಾಲ್ಕು ಸೆಕೆಂಡು. ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಗುರುವಾರ ಐದಕ್ಕೆ ವಾರದ ಲೆಕ್ಕ ಮುಗಿಯುತ್ತದೆ. ಅಷ್ಟರೊಳಗೆ ಪ್ರಕರಣಗಳ ಸಾಲು ಖಾಲಿಯಾಗದಿದ್ದರೆ ವಿಭಾಗದ ಮುಖ್ಯಸ್ಥೆಗೆ ಮೇಲಿನಿಂದ ಬೈಗುಳ. ಅದಕ್ಕೇ ಕೊನೆಗೆ ಉಳಿದ ನಲವತ್ತನ್ನು ಗುರುತು ಹಾಕಿ ಒಂದೇ ಸಲ ಒಪ್ಪುವುದು ರೂಢಿಯಾಗಿತ್ತು. ಯಂತ್ರ ನೂರಕ್ಕೆ ತೊಂಬತ್ತು ಸಲ ಸರಿಯೇ ಹೇಳುತ್ತದಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಅವಳು ತಮಾಷೆ ಮಾಡುತ್ತಿದ್ದಳು. ತಾನು ಒಂಬತ್ತು ವರ್ಷದಿಂದ ಪ್ರತಿ ಗುರುವಾರ ಎತ್ತುಗಳನ್ನು ಕಟ್ಟುತ್ತಲೇ ಬಂದಿದ್ದಳು.

ಬಾಗಿಲು ಹಾಕಿಕೊಂಡು ಮಾದರಿಯನ್ನು ಈಗ ತೆರೆದಳು. ಯಂತ್ರ ಸುಳ್ಳು ಹೇಳಿರಲಿಲ್ಲ. ಕಿವಿಗಣ್ಣಿನ ಅರವತ್ತೊಂದನೇ ಆವೃತ್ತಿ ಎಂಬ ಚೀಟಿ. ಒಳಗೆ, ಗೋಡೆಯಾಚೆಯ ಎದುರಾಳಿಗಳನ್ನು ಪರದೆಯ ಮೇಲೆ ಕೆಂಪು ಚುಕ್ಕೆಯಾಗಿ ತೋರಿಸುವ ಹತ್ತು ಸಾಲು. ಅಪ್ಪಟ ವಂಚನೆ. ಕಳಿಸಿದ್ದು ಹೆಸರು ಹೇಳಲಿಚ್ಛಿಸದ ಆಟಗಾರ, ಅದೇ ಗುರುವಾರ ನಾಲ್ಕು ನಲವತ್ತಕ್ಕೆ. ಚುಕ್ಕೆ ನೋಡಲು ಕಣ್ಣು ಬೇಕಲ್ಲ ಎಂಬ ಅಕ್ಕನ ಪ್ರಶ್ನೆ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಕಿವಿಗಣ್ಣಿನ ಮೇಲೆ ಹಗೆ ಇದ್ದವನು ಒಬ್ಬನೇ. ಆಟದಲ್ಲಿ ರಾವುತ ಎಂದು ಹೆಸರು ಮಾಡಿದವನು. ಹೋದ ವರ್ಷ ಶ್ರುತಿಗಾರನ ತಂಡದ ಕೈಲಿ ಸೋತು, ಕುರುಡರ ಹೆಸರಲ್ಲಿ ಮೋಸ ನಡೆಯುತ್ತಿದೆ ಎಂದು ಹದಿನೇಳು ದೂರು ಬರೆದಿದ್ದ. ಹೊಟ್ಟೆಕಿಚ್ಚಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಸೂಜಿಗೆ ಅವನು ಅಪರಾಧಿಯಾಗಿದ್ದರೆ ಚೆನ್ನಾಗಿತ್ತು ಅನಿಸಿತು. ಸಂಜೆಯೇ ಹುಡುಕಿಕೊಂಡು ಹೋದಳು.

ರಾವುತ ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ ಮಾಡುವವನು. ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, ನಿಂತುಹೋದ ಲಿಫ್ಟಿನ ಕೆಳಗೆ ಗ್ರೀಸ್ ಮೆತ್ತಿಕೊಂಡು ಕೂತಿದ್ದ. ಕಿವಿಗಣ್ಣು ಎಂದ ಕೂಡಲೇ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ ಎಂದು ಅವಳು ಖುಷಿಪಟ್ಟಳು.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ದೂರು ಬರೆದದ್ದು ನಿಜ ಎಂದ ರಾವುತ. ಆಮೇಲೆ, ಹೇಗೆ ಮೋಸ ಮಾಡುತ್ತಾರೆ ನೋಡೇಬಿಡೋಣ ಎಂದು ತಾನೇ ಕಿವಿಗಣ್ಣು ಹಾಕಿಕೊಂಡು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡಲು ಕೂತನಂತೆ. ಒಂದು ಗಂಟೆಯಾದರೂ ಮೊದಲ ಕೊಠಡಿಯಿಂದ ಹೊರಬರಲು ಆಗಲಿಲ್ಲವಂತೆ.

"ಹದಿನೇಳೂ ದೂರು ವಾಪಸ್ ತಗೊಂಡೆ. ನಿಮ್ಮವರು ಯಾರೂ ಓದಿಲ್ಲ ಅನ್ಸುತ್ತೆ. ಆಮೇಲೆ ನಾನೂ ಅದನ್ನ ಬಿಡಲಿಲ್ಲ, ದಿನಾ ಒಂದು ಗಂಟೆ ಕಣ್ಣು ಕಟ್ಟಿ ಆಡ್ತಿದ್ದೆ. ಈಗ ನನ್ನ ಖಾತೇನೂ ಹೋಯ್ತು. ಪಟ್ಟಿ ನೋಡಿ ಬೇಕಾದ್ರೆ."

ಫೋನಿನಲ್ಲೇ ಪಟ್ಟಿ ನೋಡಿದಳು. ಮೂರು ಸಾವಿರದಲ್ಲಿ ಅವನೂ ಒಬ್ಬ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವಷ್ಟು ದಡ್ಡನಂತೆ ಅವನು ಕಾಣಲಿಲ್ಲ. ಅರವತ್ತೊಂದನೇ ಆವೃತ್ತಿಯಲ್ಲಿ ಏನಿತ್ತು ಎಂದು ಕೇಳಿದಳು. ಅರವತ್ತೊಂದು ಬಂದೇ ಇಲ್ಲ ಎಂದ ರಾವುತ. ಪ್ರತಿ ಆವೃತ್ತಿಯೂ ಆ ಅಕ್ಕನ ದನಿಯಲ್ಲಿ ತನ್ನ ಸಂಖ್ಯೆ ಹೇಳಿಕೊಂಡೇ ಶುರುವಾಗುತ್ತದೆ, ಜೊತೆಗೊಂದು ಬೈಗುಳ. ಕೊನೆಯದು "ಅರವತ್ತು ತುಂಬಿತು, ಇನ್ನಾದರೂ ಬುದ್ಧಿ ಕಲೀರಿ."

ಸೂಜಿ ಕಚೇರಿಗೆ ಮರಳಿ ಮಾದರಿಯ ಮೊದಲ ಸದ್ದು ಕೇಳಿಸಿಕೊಂಡಳು. ಚೀಟಿಯಲ್ಲಿ ಅರವತ್ತೊಂದು. ಒಳಗಿನ ಅಕ್ಕ ಅರವತ್ತು ಎಂದೇ ಬೈಯುತ್ತಿದ್ದಳು. ಯಾರೋ ಹಳೆಯದಕ್ಕೆ ವಿಷ ಸೇರಿಸಿ ಹೊಸ ಚೀಟಿ ಅಂಟಿಸಿದ್ದರು. ಆ ಆವೃತ್ತಿ ಒಬ್ಬ ಆಟಗಾರನ ಕೈಗೂ ಹೋಗಿರಲಿಲ್ಲ. ಹೋಗಿದ್ದು ಅವಳ ಮೇಜಿಗೆ ಮಾತ್ರ. ಒಂದು ಸಲ ತೆರೆದು ಕೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು.

*

ಮಂಗಳವಾರ ಶ್ರುತಿಗಾರನ ಮನೆಗೆ ಹೋದಳು. ಮುಂದಿನ ಕೋಣೆಯೇ ಕಾರ್ಖಾನೆ. ಬಿಚ್ಚಿಟ್ಟ ಪಿಯಾನೊ ಒಂದು, ಗೋಡೆಗೆ ಸಾಲಾಗಿ ತೂಗುಹಾಕಿದ ತಂತಿ, ಸುತ್ತಿಗೆ, ಉಣ್ಣೆಯ ತುಂಡು. ಅವನು ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಅಕ್ಕ ಅವನ ಪಾಲಿನದನ್ನೂ ಸೇರಿಸಿ ಮಾತಾಡುತ್ತಿದ್ದಳು.

ಸೂಜಿ ಆ ಹತ್ತು ಸಾಲುಗಳನ್ನು ಅವನ ಕಂಪ್ಯೂಟರಿಗೆ ಹಾಕಿದಳು. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಶುರುಮಾಡಿತು. ಖಾಲಿ, ಖಾಲಿ, ಖಾಲಿ, ಖಾಲಿ. ಎಂಟು ಸಲ ಖಾಲಿ ಅಂದಮೇಲೆ ಒಂದು ಪದ. ಮತ್ತೆ ಎಂಟು ಸಲ ಖಾಲಿ.

"ಇದು ಕಣ್ಣಿದ್ದವರು ಬರೆದಿದ್ದು," ಎಂದ ಶ್ರುತಿಗಾರ. "ಸಾಲು ಅಂದವಾಗಿ ಕಾಣಲಿ ಅಂತ ಮುಂದೆ ಜಾಗ ಬಿಡ್ತಾರೆ. ನಾನು ಬಿಟ್ಟರೆ ಪ್ರತಿಯೊಂದೂ ಕಿವಿಗೆ ಬಡಿಯುತ್ತೆ. ನನ್ನ ಒಂದು ಸಾಲಲ್ಲೂ ಮುಂದೆ ಜಾಗ ಇಲ್ಲ."

ತಂತ್ರಾಂಶ ಮುಂದುವರಿಯಿತು. ಏಳನೇ ಸಾಲಿಗೆ ಬಂದಾಗ ಅವನು ಕೈ ಎತ್ತಿದ. ಸೊನ್ನೆ ನಂಬರಿನ ಕೊಠಡಿ ಬಂದರೆ ಚುಕ್ಕೆ ತೋರಿಸಬೇಡ ಎಂದಿತ್ತು ಆ ಸಾಲು.

"ಕೋಟೆಯ ಕೊಠಡಿ ಒಂದರಿಂದ ಶುರು. ಎಲ್ಲಾ ನಾನೂರ ಆರೂ ನಡೆದು ನೋಡಿದೀನಿ. ಸೊನ್ನೆ ಅನ್ನೋದು ಇಲ್ಲ."

ಸೂಜಿಗೆ ಗೊತ್ತಿತ್ತು. ಸೊನ್ನೆ ಕೊಠಡಿ ಇತ್ತು. ಆಟಗಾರರಿಗೆ ಇರಲಿಲ್ಲ, ಅಷ್ಟೆ. ಹಿಂದೆ ಕಚೇರಿಯಲ್ಲೇ ಪರೀಕ್ಷಾ ವಿಭಾಗವಿದ್ದಾಗ ಅವರಿಗೆಂದೇ ಒಂದು ಬೋಳು ಬಿಳಿ ಕೊಠಡಿ ಮಾಡಿದ್ದರು. ಅದರಲ್ಲಿ ನಿಂತ ಬೊಂಬೆಗಳ ಮೇಲೆ ಏನನ್ನಾದರೂ ಪ್ರಯೋಗಿಸಿದರೆ ಆಟವೇ ಕೆಟ್ಟು ನಿಲ್ಲುತ್ತಿತ್ತು. ಅದಕ್ಕೇ ಏನು ಬರೆದರೂ ಸೊನ್ನೆ ಕೊಠಡಿ ಬಿಡು ಎಂಬ ಸಾಲು ಸೇರಿಸುವುದು ಆ ವಿಭಾಗದವರ ಕೈಗೆ ಅಂಟಿದ ಚಾಳಿ. ಅವಳೂ ಎರಡು ವರ್ಷ ಅಲ್ಲಿದ್ದಳು. ನಿನ್ನೆ ಆ ಸಾಲನ್ನು ತಾನೇ ಓದಿದ್ದಳು. ಅಷ್ಟು ಪರಿಚಿತವಾಗಿದ್ದರಿಂದ ಕಣ್ಣಿಗೆ ಬಿದ್ದೇ ಇರಲಿಲ್ಲ.

ಆ ವಿಭಾಗ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಅಲ್ಲಿದ್ದವರಲ್ಲಿ ಕಟ್ಟಡದಲ್ಲಿ ಉಳಿದವರು ಇಬ್ಬರೇ. ಒಬ್ಬಳು ತಾನು.

ಮಾತು ಬದಲಿಸಲೆಂದೋ ಏನೋ, ಕಂಪನಿಯ ಕಡೆಯಿಂದ ಯಾರಾದರೂ ಮೊದಲು ಮಾತಾಡಿದ್ದರಾ ಎಂದು ಕೇಳಿದಳು. ವರ್ಷದ ಹಿಂದೆ ಒಬ್ಬರು ಫೋನ್ ಮಾಡಿದ್ದರಂತೆ. ನಿನ್ನ ಸದ್ದುಗಳನ್ನು ಕೊಡುತ್ತೀಯಾ ಎಂದು ಕೇಳಿದರಂತೆ. ತಗೊಳ್ಳಿ, ಆದರೆ ಮಾರಬಾರದು ಎಂದನಂತೆ ಶ್ರುತಿಗಾರ.

"ಪಾಪ, ಒಳ್ಳೇ ಮನುಷ್ಯ," ಎಂದ. "ಲೈನ್ ಸರಿ ಇರಲಿಲ್ಲ. ಪ್ರತಿ ಮಾತೂ ಮೂರು ಮೂರು ಸಲ ಹೇಳಿಸಿದರು."

ಸೂಜಿ ಫೋನು ತೆಗೆದು ಕಂಪನಿಯ ಹೊಸ ಜಾಹೀರಾತು ಹಾಕಿದಳು. ಮುಂದಿನ ತಿಂಗಳು ಬರಲಿದ್ದ ಧ್ವನಿಸಹಾಯ ಎಂಬ ಮಾಲು. ದೃಷ್ಟಿ ಇಲ್ಲದವರಿಗಾಗಿ ನಮ್ಮ ಸ್ವಂತ ಸಂಶೋಧನೆ, ತಿಂಗಳ ಚಂದಾಕ್ಕೆ ಎಂದಿತ್ತು ಅದರಲ್ಲಿ. ಬಾಗಿಲು ತೆರೆಯುವ ಸದ್ದು ಬಂದ ಕೂಡಲೇ ಶ್ರುತಿಗಾರ ಎದ್ದು ನಿಂತ.

"ಇನ್ನೊಂದು ಸಲ."

ಇನ್ನೊಂದು ಸಲ ಹಾಕಿದಳು. ಅವನು ಗೋಡೆ ಸವರಿಕೊಂಡು ಹೋಗಿ ಅಡುಗೆಮನೆಯ ಬಾಗಿಲು ತೆರೆದ. ಅದೇ ಕಿರುಗುಟ್ಟು. ಅದರ ಬಾಲಕ್ಕೆ ಗೋಡೆಯ ಹಳೆಯ ಗಡಿಯಾರದ ಸದ್ದು. ಅದು ಕುಂಟುತ್ತಿತ್ತು. ಒಂದು ಟಿಕ್ ಬೇಗ, ಇನ್ನೊಂದು ತಡವಾಗಿ. ಫೋನಿನೊಳಗೂ ಅದೇ ಕುಂಟು.

ಕಿವಿಗಣ್ಣಿನ ಬಾಗಿಲ ಸದ್ದನ್ನು ಈ ಮನೆಯಲ್ಲೇ ಧ್ವನಿಮುದ್ರಿಸಿದ್ದು ಎಂದಳು ಅಕ್ಕ. ಶ್ರುತಿಗಾರ ಬಾಗಿಲ ಹಿಡಿ ಬಿಡದೆ ಕೇಳಿದ. "ನಿಷೇಧಕ್ಕೆ ಎರಡು ಕೈ ಬೇಕು ಅಂತ ನಿಮ್ಮ ನಿಯಮದಲ್ಲೇ ಓದಿದೆ. ಒಂದು ಯಂತ್ರ. ಇನ್ನೊಂದು ಯಾರು?"

"ಯಾರೋ ಒಬ್ಬರು," ಎಂದಳು ಸೂಜಿ. "ವಿಚಾರಿಸ್ತಿದೀನಿ."

ಬಸ್ಸಿನಲ್ಲಿ ಕೂತ ಮೇಲೂ ಮುಖದ ಬಿಸಿ ಇಳಿದಿರಲಿಲ್ಲ. ಅವನಿಗೆ ತನ್ನ ಮುಖ ಕಾಣಲಿಲ್ಲವೆಂದು ಸಮಾಧಾನ ಪಟ್ಟುಕೊಂಡಳು. ಆ ಸಮಾಧಾನ ಎಂಥದೆಂದು ಹೊಳೆದು ಇನ್ನಷ್ಟು ನಾಚಿಕೆಯಾಯಿತು.

*

ಉಳಿದ ಇನ್ನೊಬ್ಬರು ಮಾವ.

ಮಾವ ಅಂದರೆ ಅವಳ ಮಾವನಲ್ಲ, ಇಡೀ ಕಚೇರಿಗೆ ಮಾವ. ಯಾರು ತಪ್ಪು ಮಾಡಿದರೂ ಅಡ್ಡ ನಿಂತು ಬೈಗುಳ ತಿನ್ನುವವರು. ಅವಳಿಗೆ ಕೆಲಸ ಕಲಿಸಿದವರು. ಎದುರಿನ ಮೇಜು. ಆರು ವರ್ಷದ ಹಿಂದೆ ಕಿವಿಗಣ್ಣು ವಂಚನೆಯಲ್ಲ ಎಂದು ವಾದಿಸಿ ಅದಕ್ಕೆ ಅನುಮತಿ ಕೊಡಿಸಿದವರೂ ಅವರೇ. ಹಾಗಾಗಿ ಇಷ್ಟು ಹೊತ್ತು ಅವರ ಹೆಸರು ಅವಳ ಮನಸ್ಸಿಗೆ ಬಂದಿರಲಿಲ್ಲ. ಧ್ವನಿಸಹಾಯ ಕಟ್ಟಿಕೊಡುವ ಕೆಲಸವನ್ನು ಹೋದ ವರ್ಷ ಅವರಿಗೇ ವಹಿಸಿದ್ದರು.

ಬುಧವಾರ ಮಧ್ಯಾಹ್ನ ಅವರನ್ನು ಎರಡನೇ ಮಹಡಿಯ ಮೆಟ್ಟಿಲ ಬಳಿ ಕರೆದಳು. ಅವರ ಬೆನ್ನ ಹಿಂದೆ ನಿಂತು, ಮಾಮೂಲು ದನಿಯಲ್ಲಿ, ಧ್ವನಿಸಹಾಯದ ಬಾಗಿಲ ಸದ್ದಿನಲ್ಲಿ ಗಡಿಯಾರ ಕೇಳುತ್ತದೆ ಎಂದಳು. ಅವರು ತಿರುಗಲಿಲ್ಲ. ಕಿಟಕಿಯಾಚೆ ನೋಡುತ್ತಲೇ ಇದ್ದರು. ಮುಂದೆ ಬಂದು ಅದನ್ನೇ ಹೇಳಿದಾಗ ಅವಳ ತುಟಿ ನೋಡಿದರು. ಮುಖ ಬಿಳಿಚಿತು.

ಏನೇ ಇದ್ದರೂ ಬರೆದು ಕಳಿಸು ಎಂದು ಮಾವ ಮೂರು ವರ್ಷದಿಂದ ಹೇಳುತ್ತಿದ್ದುದು ಶಿಸ್ತಿಗಲ್ಲ. ಸೂಜಿ ಎಂದು ಹೆಸರು ಹೊತ್ತವಳಿಗೆ ಎದುರಿನ ಮೇಜಿನ ಮನುಷ್ಯನಿಗೆ ಕಿವಿ ಕೇಳುವುದಿಲ್ಲ ಎಂಬುದು ಮೂರು ವರ್ಷ ಕಂಡಿರಲಿಲ್ಲ.

ಮಾವ ಏನೂ ಮುಚ್ಚಿಡಲಿಲ್ಲ. ಕಿವಿಯ ವಿಷಯ ಹೇಳಿದರೆ ಮನೆಗೆ ಕಳಿಸುತ್ತಾರೆಂದು ಹೆದರಿದರಂತೆ. ಸದ್ದಿನ ಕೆಲಸ ಕೊಟ್ಟಾಗ ಆಗುವುದಿಲ್ಲ ಎನ್ನಲು ನಾಚಿಕೆಯಾಯಿತಂತೆ. ಶ್ರುತಿಗಾರ ಮಾರಬಾರದು ಅಂದ, ಕಂಪನಿ ಮಾರುತ್ತೇವೆ ಅಂದಿತು. ಕೊನೆಗೆ ಅವನ ಒಂಬೈನೂರು ಸದ್ದನ್ನೂ ಎತ್ತಿಕೊಂಡು ಹೆಸರು ಬದಲಿಸಿದರು. ಕಣ್ಣಿಲ್ಲದವರು ಎರಡನ್ನೂ ಕೇಳಿದರೆ ಒಂದೇ ನಿಮಿಷದಲ್ಲಿ ಕಳವು ಬಯಲಾಗುತ್ತಿತ್ತು. ಹಾಗಾಗಿ ಹಳೆಯದು ಇರಕೂಡದು. ಹತ್ತು ಸಾಲು ಸೇರಿಸಿದರು. ರಜೆ ಹಾಕಿ ಮನೆಯಿಂದ ಕಳಿಸಿದರು.

"ಯಂತ್ರ ಹಿಡಿಯುತ್ತೆ ಅಂತ ಗೊತ್ತಿತ್ತು. ಎರಡನೇ ಕೈ ನಿಂದು ಬೇಕಿತ್ತು," ಎಂದರು. "ಗುರುವಾರ ನಾಲ್ಕೂವರೆ ಮೇಲೆ ಕಳಿಸಿದರೆ ನೀನು ತೆರೆದು ನೋಡಲ್ಲ. ಹಾಗೆ ಒತ್ತೋದು ಕಲಿಸಿದವನೇ ನಾನಲ್ಲವಾ, ಮಗಳೇ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕೆನ್ನೆಗೆ ಹೊಡೆದಂತಹ ಅವಮಾನ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆದರೆ ಹೊಲ ಕಾಯಲು ಕೂತವಳು ನಿದ್ದೆಯಲ್ಲಿದ್ದಾಳೆಂದು ಬೇಲಿಗೆ ಖಾತ್ರಿಯಿತ್ತು.

ಮಾವ ಒಂದು ದಾರಿ ತೋರಿಸಿದರು. ತಾಂತ್ರಿಕ ದೋಷ ಎಂದು ಬರೆದು ನಾಳೆಯೇ ಮೂರು ಸಾವಿರ ಖಾತೆಯನ್ನೂ ಬಿಡಿಸಬಹುದು. ದಾಖಲೆಯಿಂದ ಅವಳ ಹೆಸರೂ ಅಳಿಯುತ್ತದೆ. ಯಾರಿಗೂ ನಷ್ಟವಿಲ್ಲ.

ಸೂಜಿ ಆಗಲ್ಲ ಎನ್ನಲಿಲ್ಲ. ಯೋಚಿಸ್ತೀನಿ ಎಂದಳು. ಸಂಜೆಯವರೆಗೆ ನಿಜವಾಗಿಯೂ ಯೋಚಿಸಿದಳು. ಶ್ರುತಿಗಾರ ಏಳು ಸಲ ಕೇಳಿದ್ದು ಖಾತೆಯನ್ನಲ್ಲ, ತಾನು ವಂಚಕನಲ್ಲ ಎಂಬ ಒಂದು ಮಾತನ್ನು. ದೋಷ ಯಂತ್ರದ್ದು ಎಂದು ಬರೆದರೆ ಆ ಮಾತು ಅವನಿಗೆ ಸಿಗುವುದೇ ಇಲ್ಲ. ಇದು ಅವಳಿಗೆ ಮಧ್ಯಾಹ್ನವೇ ಗೊತ್ತಿತ್ತು. ಆದರೂ ಸಂಜೆಯಾಯಿತು. ಮನವಿದಾರರು ವಿಚಾರಣೆಗೆ ಖುದ್ದಾಗಿ ಬರಬಹುದೆಂಬ ನಿಯಮವೊಂದಿತ್ತು, ಯಾರೂ ಇದುವರೆಗೆ ಬಳಸದ್ದು. ಐದೂವರೆಗೆ ಅಕ್ಕನಿಗೆ ಫೋನ್ ಮಾಡಿದಳು.

*

ಗುರುವಾರ ಎರಡು ಗಂಟೆಗೆ ಗಾಜಿನ ಕೋಣೆಯಲ್ಲಿ ಆರು ಜನ ಕೂತರು. ವಿಭಾಗದ ಮುಖ್ಯಸ್ಥೆ, ಕಂಪನಿಯ ವಕೀಲ, ಮಾವ, ಅಕ್ಕ, ಶ್ರುತಿಗಾರ, ಸೂಜಿ.

ಸೂಜಿ ಎದ್ದು ನಿಂತು ಒಂದೊಂದಾಗಿ ಹೇಳಿದಳು. ಮಾದರಿಯ ಚೀಟಿ ಅರವತ್ತೊಂದು, ದನಿ ಅರವತ್ತು, ಆದ್ದರಿಂದ ಅದು ತಿದ್ದಿದ ಹಳೆಯ ಆವೃತ್ತಿ. ಮುಂದೆ ಜಾಗ ಬಿಟ್ಟ ಸಾಲುಗಳು, ಆದ್ದರಿಂದ ಬರೆದವರಿಗೆ ಕಣ್ಣಿದೆ. ಸೊನ್ನೆ ಕೊಠಡಿ, ಆದ್ದರಿಂದ ಬರೆದವರು ಹಳೆಯ ಪರೀಕ್ಷಾ ವಿಭಾಗದವರು. ಗುರುವಾರ ನಾಲ್ಕು ನಲವತ್ತು, ಆದ್ದರಿಂದ ಇಲ್ಲಿ ವಾರದ ಸಾಲು ಐದಕ್ಕೆ ಮುಚ್ಚುವುದು ಬಲ್ಲವರು. ಆಮೇಲೆ ಗಡಿಯಾರ. ಕದ್ದವರಿಗೆ ಕಿವಿ ಕೇಳುತ್ತಿದ್ದರೆ ಅದನ್ನು ತೆಗೆದುಹಾಕುತ್ತಿದ್ದರು. ಅದು ಅಲ್ಲೇ ಉಳಿದದ್ದು ಕೇಳದ್ದರಿಂದ. ಇದನ್ನು ಹೇಳುವಾಗ ಮಾವನ ಕಡೆ ನೋಡಲು ಅವಳಿಗೆ ಆಗಲಿಲ್ಲ. ಅವರಿಗೆ ಕಾಣಲೆಂದು ಎಲ್ಲವನ್ನೂ ಬರೆದು ಮುಂದಿಟ್ಟಿದ್ದಳು.

ಮಾವ ಓದಿದರು. ನಾನೇ ಎಂದರು. ಕನ್ನಡಕ ತೆಗೆದು ಒರೆಸುತ್ತ ಕೂತರು, ಒರೆಸಿದ್ದನ್ನೇ ಒರೆಸುತ್ತಿದ್ದರು.

ವಕೀಲ ಗಂಟಲು ಸರಿಮಾಡಿಕೊಂಡ. ಧ್ವನಿಸಹಾಯವನ್ನು ನಿಲ್ಲಿಸೋಣ, ಇವರು ರಾಜೀನಾಮೆ ಕೊಡಲಿ, ಹೊರಗೆ ಮಾತ್ರ ತಾಂತ್ರಿಕ ದೋಷ ಎಂದೇ ಹೇಳೋಣ ಎಂದ. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕುವವರು ಬಾಗಿಲಿಗೆ ಬಣ್ಣ ಬಳಿಯುವುದನ್ನು ಮರೆಯುವುದಿಲ್ಲ.

"ಎರಡನೇ ಕೈ ಯಾರದ್ದು?" ಎಂದಳು ಅಕ್ಕ. "ನನ್ನ ತಮ್ಮ ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ."

"ನಂದು," ಎಂದಳು ಸೂಜಿ. "ತೆರೆದು ನೋಡಲಿಲ್ಲ. ನಲವತ್ತು ಪ್ರಕರಣ, ನಾಲ್ಕು ಸೆಕೆಂಡು. ದೋಷ ಯಂತ್ರದ್ದಲ್ಲ. ಹಾಗಂತ ಬರೆಯೋದಾದರೆ ನಾನು ಸಹಿ ಹಾಕಲ್ಲ."

ಭೂಮಿ ಬಾಯಿಬಿಟ್ಟರೆ ಚೆನ್ನಾಗಿತ್ತು ಅನಿಸಿತು ಅವಳಿಗೆ. ಭೂಮಿ ಆ ಅನ್ನಲಿಲ್ಲ. ಕೊನೆಗೆ ಮುಖ್ಯಸ್ಥೆಯೇ, ವಕೀಲನ ಕಡೆ ತಿರುಗದೆ, ಇದ್ದದ್ದನ್ನು ಇದ್ದ ಹಾಗೆ ಬರೆದು ಪ್ರಕಟಿಸಿ ಎಂದರು. ಅಲ್ಲೇ ಕೂತು ಸೂಜಿ ಕಿವಿಗಣ್ಣಿನ ನಿಷೇಧ ತೆಗೆದಳು. ಪಟ್ಟಿಯಿಂದ ಶ್ರುತಿಗಾರನ ಹೆಸರು ಹೋಯಿತು. ಮೂರು ಸಾವಿರದ ನೂರ ಹನ್ನೆರಡು ಖಾತೆಗಳ ಬೀಗ ಬಿಚ್ಚಿತು. ಅಕ್ಕ ಕೈಚೀಲದಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು. ಗಂಟೆ ಮೂರೂ ಹತ್ತು.

ಶ್ರುತಿಗಾರ ಮಾತ್ರ ಏಳಲಿಲ್ಲ.

"ಮೊನ್ನೆ ನಮ್ಮ ಮನೇಲಿ ಕೇಳಿದೆನಲ್ಲ. ಆಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳೋಕೆ ನಾಚಿಕೆ ಆಯ್ತು."

ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. "ಅದೇ ನಾಲ್ಕು ಸೆಕೆಂಡಲ್ಲಿ ಇನ್ನೂ ಮೂವತ್ತೊಂಬತ್ತು ಜನ ಹೋದ್ರಲ್ಲ. ಅವರದ್ದೂ ಇವತ್ತೇ ಐದು ಗಂಟೆಗಾ?"

ಸೋಮವಾರದಿಂದ ಗುರುವಾರದವರೆಗೆ ಆ ನಲವತ್ತನ್ನು ಎಷ್ಟು ಸಲ ನೋಡಿದ್ದಳೋ. ತನ್ನ ಹೆಸರಿಗಾಗಿ ನೋಡಿದ್ದಳು, ಮಾವನಿಗಾಗಿ ನೋಡಿದ್ದಳು. ಉಳಿದ ಮೂವತ್ತೊಂಬತ್ತರ ಹಿಂದೆಯೂ ಮನುಷ್ಯರಿದ್ದಾರೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಅಳಿಸುವ ಯಂತ್ರ ಇನ್ನೊಂದು ದೇಶದಲ್ಲಿತ್ತು. ಅದನ್ನು ನಿಲ್ಲಿಸಲು ಅಲ್ಲಿಯವರ ಒಪ್ಪಿಗೆ ಬೇಕು, ಎರಡು ದಿನ ಹಿಡಿಯುತ್ತದೆ ಎಂದರು ಮುಖ್ಯಸ್ಥೆ. ಸೂಜಿ ಒಟ್ಟಿಗೆ ಬಿಡಿಸಲು ನೋಡಿದಳು. ಅದಕ್ಕೆ ಗುಂಡಿಯೇ ಇರಲಿಲ್ಲ. ನಿಷೇಧಿಸುವಾಗ ನಲವತ್ತನ್ನು ಒಂದೇ ಸಲ ಒತ್ತಬಹುದು. ಬಿಡಿಸುವಾಗ ಒಂದೊಂದು ಮಾಡ್ ಅನ್ನೂ ತೆರೆದು, ಓಡಿಸಿ ನೋಡಿ, ಕಾರಣ ಬರೆಯಬೇಕು. ಒಂದಕ್ಕೆ ಹತ್ತು ನಿಮಿಷ.

ಅವಳು ತನ್ನ ಮೇಜಿಗೆ ಓಡಿದಳು. ಅಕ್ಕ ತಮ್ಮನ ಕೈಹಿಡಿದು ಹಿಂದೆಯೇ ಬಂದು ಎದುರಿನ ಮೇಜಿನ ಖಾಲಿ ಕುರ್ಚಿಯಲ್ಲಿ ಅವನನ್ನು ಕೂರಿಸಿದಳು. ಸೂಜಿ ಒಂದೊಂದಾಗಿ ತೆರೆಯತೊಡಗಿದಳು. ಒಂದು, ವಂಚನೆಯೇ. ಎರಡು, ವಂಚನೆ. ಮೂರನೆಯದು ಅಕ್ಷರಗಳನ್ನು ದಪ್ಪ ಮಾಡುವ ಮಾಡ್, ಯಾರೋ ತಮ್ಮ ತಾಯಿಗೆಂದು ಬರೆದದ್ದು. ಬಿಡಿಸಿದಳು. ಎಂಟನೆಯದು ಕೋಟೆಯ ಮೇಲೆ ಹಿಮ ಬೀಳಿಸುತ್ತಿತ್ತು, ಅಷ್ಟೆ. ಬಿಡಿಸಿದಳು. ಅಲ್ಲಿಯವರೆಗೆ ನೋಡಿದವರಲ್ಲಿ ಉಳಿದವರು ಕಳ್ಳರೇ, ಆದರೆ ಅದು ಅವಳಿಗೆ ಈಗ ತಾನೇ ಗೊತ್ತಾಗಿತ್ತು. ಹನ್ನೊಂದನೆಯದು ಮುಗಿದು ಹನ್ನೆರಡನೆಯದನ್ನು ತೆರೆಯುವಾಗ ಪರದೆಯ ಮೇಲಿನ ಪ್ರಕರಣಗಳ ಸಾಲು ಒಮ್ಮೆ ಅಲುಗಿ ಖಾಲಿಯಾಯಿತು.

"ಐದಾಯ್ತಾ?" ಎಂದ ಶ್ರುತಿಗಾರ.

"ಆಯ್ತು."

"ಎಷ್ಟು ಉಳಿದ್ವು?"

"ಇಪ್ಪತ್ತೆಂಟು," ಎಂದಳು.

ಅವರು ಯಾರು, ಏನು ಮಾಡಿದ್ದರು ಎಂದು ಅವನು ಕೇಳಿದ. ಸೂಜಿ ಖಾಲಿ ಪರದೆಯನ್ನೇ ನೋಡಿದಳು. ಗೊತ್ತಿಲ್ಲ ಎಂದಳು. ಇನ್ನು ಯಾರಿಗೂ ಗೊತ್ತಾಗುವಂತೆಯೂ ಇರಲಿಲ್ಲ.